ಎಡಕ್ಕೆ ಹೋಗದ ಚೆಂಡು

ಡಿಸೆಂಬರ್ 9, ಸೋಮವಾರ. ಬೆಳಿಗ್ಗೆ ಆರು

ಪಾರ್ಕಿಂಗ್ ಲಾಟ್. ಹೀಟರ್ ಇನ್ನೂ ಬಿಸಿಯಾಗಿಲ್ಲ. ಬೆರಳು ಮರಗಟ್ಟಿದೆ, ಅಕ್ಷರವೆಲ್ಲ ಕಾಗೆಕಾಲು. ಒಳಗೆ ಕಾಲಿಟ್ಟರೆ ಆಯಿತು, ಯಾರಾದರೊಬ್ಬರು ಬಾಗಿಲು ತಟ್ಟುತ್ತಲೇ ಇರುತ್ತಾರೆ — ಕೋಚ್, ಒಂದು ನಿಮಿಷ. ಕೋಚ್, ಒಂದು ಸಹಿ. ಕಾರಿನೊಳಗಿನ ಈ ಸ್ವಲ್ಪ ಹೊತ್ತು ಮಾತ್ರ ನನ್ನದು.

ನಿನ್ನೆ ಗೆದ್ದೆವು. ಗೆದ್ದ ಮರುದಿನ ತಲೆಯಲ್ಲಿ ಅನುಮಾನ ಇರಬಾರದು. ಇದೆ.

ಡೀನ್ ಚೆನ್ನಾಗಿಯೇ ಆಡಿದ. ‘ಈ ವಯಸ್ಸಿಗೆ ಅದ್ಭುತ’ ಅಂತ ಪೇಪರಿನವರು ಬರೆದಿದ್ದಾರೆ. ಮೂವತ್ತೆಂಟು ದಾಟಿದ ಮೇಲೆ ಆ ‘ಈ ವಯಸ್ಸಿಗೆ’ ಬಿಟ್ಟು ಅವನ ಬಗ್ಗೆ ಒಂದು ಸಾಲು ಬರೆಯಲು ಯಾರಿಗೂ ಬರುವುದಿಲ್ಲ. ಹದಿನಾಲ್ಕು ವರ್ಷದಿಂದ ಟೊಲಿಡೊ ಗ್ಲೇಜಿಯರ್ಸ್ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್. ಮೈದಾನದಲ್ಲಿ ನಮ್ಮವರು ಹನ್ನೊಂದು ಜನ, ಆದರೆ ಚೆಂಡು ಯಾರಿಗೆ ಹೋಗಬೇಕು ಅಂತ ಕಣ್ಣುರೆಪ್ಪೆ ಬಡಿಯುವುದರೊಳಗೆ ತೀರ್ಮಾನಿಸುವವನು ಅವನೊಬ್ಬ. ಊರು ನೋಡುವುದೂ ಅವನೊಬ್ಬನನ್ನೇ. ನಮ್ಮ ಬೀದಿಯ ನಾಯಿಗಳಲ್ಲೇ ಎರಡಕ್ಕೆ ಡೀನ್ ಅಂತ ಹೆಸರಿಟ್ಟಿದ್ದಾರೆ.

ಒಂದು ವಿಷಯ... ಬರೆಯಲೋ ಬೇಡವೋ.

ನಿನ್ನೆ ಸಂಜೆ ಆಟದ ವಿಡಿಯೋ ಹಾಕಿಕೊಂಡು ಕೂತಿದ್ದೆ. ಎಡಗಡೆ ಟೆರೆಲ್ ಬೂನ್ ಒಬ್ಬನೇ ಓಡುತ್ತಿದ್ದಾನೆ. ನಮ್ಮ ತಂಡದಲ್ಲಿ ಅವನಷ್ಟು ಜೋರಾಗಿ ಓಡಿ ಚೆಂಡು ಹಿಡಿಯುವವರು ಬೇರೆ ಇಲ್ಲ. ಸುತ್ತ ಒಂದು ನರಪಿಳ್ಳೆಯಿಲ್ಲ, ಕೈ ಎತ್ತಿದ್ದಾನೆ. ಡೀನ್ ಬಲಗಡೆಗೆ, ಇಬ್ಬರು ಎದುರಾಳಿಗಳ ನಡುವೆ ತೂರಿಸಿ ಎಸೆದ. ಚೆಂಡು ಸಿಕ್ಕಿತು. ಜನ ಎದ್ದು ಕೂಗಿದರು. ನಾನೂ ಚಪ್ಪಾಳೆ ತಟ್ಟಿದ್ದೆ.

ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಎಡಕ್ಕೆ ತಿರುಗಿಯೂ ನೋಡಿರಲಿಲ್ಲ.

ಅನುಭವಸ್ಥ. ಏನೋ ಲೆಕ್ಕಾಚಾರ ಇರುತ್ತದೆ ಬಿಡು.

ಡಿಸೆಂಬರ್ 11, ಬುಧವಾರ

ಅಭ್ಯಾಸ. ಸರೋವರದ ಕಡೆಯಿಂದ ಗಾಳಿ, ಕಿವಿ ಕತ್ತರಿಸುವಂಥದ್ದು.

ಜೊಸಾಯಾ ಪೆಟ್ವೇ ಚೆಂಡು ಎಸೆಯುವುದನ್ನು ನೋಡುತ್ತ ನಿಂತುಬಿಟ್ಟೆ. ಈ ವಸಂತದಲ್ಲಿ ಕಾಲೇಜು ಆಟಗಾರರ ಪೈಕಿ ನಾವು ಆರಿಸಿಕೊಂಡ ಮೊದಲ ಹುಡುಗ, ಅವನೂ ಕ್ವಾರ್ಟರ್‌ಬ್ಯಾಕ್. ಅಲಬಾಮಾದವನು, ಮೀಸೆ ಇನ್ನೂ ಸರಿಯಾಗಿ ಚಿಗುರಿಲ್ಲ. ಅವನ ಕೈಯಿಂದ ಚೆಂಡು ಹೊರಟರೆ ಬಟ್ಟೆ ಹರಿದ ಹಾಗೆ ಸದ್ದು. ಇಡೀ ಸೀಸನ್ ಬೆಂಚಿನ ಮೇಲೆ ಕೂತಿದ್ದಾನೆ. ರೇಡಿಯೋದಲ್ಲಿ ದಿನಾ ಬೆಳಿಗ್ಗೆ ಅದೇ ಜಗಳ: ಮುದುಕನನ್ನು ಇಳಿಸಿ, ಹುಡುಗನನ್ನು ಆಡಿಸಿ. ಅದಕ್ಕೆ ಇನ್ನೊಬ್ಬ: ಹುಡುಗನಿಗೆ ಏನು ಗೊತ್ತು, ಡೀನ್‌ನನ್ನು ಮುಟ್ಟಿದರೆ ನೋಡಿ.

ಡೀನ್ ಅವನನ್ನು ಕೆಣಕುತ್ತಿದ್ದ.

“ಏನೋ ಮಗಾ, ನನ್ನ ಮನೆಗೆ ಕಳ್ಸೋಕೆ ಅಷ್ಟೊಂದು ಅರ್ಜೆಂಟಾ?”

“ಇಲ್ಲ ಸರ್.”

“ಸರ್ ಅನ್ಬೇಡ ಕಣೋ. ನಮ್ಮಪ್ಪ ಬಂದ್ನಾ ಅಂತ ಹಿಂದೆ ತಿರುಗಿ ನೋಡೋ ಹಾಗಾಗತ್ತೆ.”

“ಸರಿ ಸರ್.”

ಎಲ್ಲರೂ ನಕ್ಕರು. ಪೆಟ್ವೇ ಕೂಡ. ಆ ಹುಡುಗ ಯಾವಾಗಲೂ ಡೀನ್‌ನ ಎಡಭುಜಕ್ಕೆ ಅಂಟಿಕೊಂಡೇ ನಿಲ್ಲುತ್ತಾನೆ. ಗುರುಭಕ್ತಿ ಅಂದುಕೊಂಡೆ.

ಮಧ್ಯಾಹ್ನ ಮಿಸೆಸ್ ಲಕಾತೋಶ್ ಫೋನ್. ತಂಡ ಅವರದು, ಗಂಡ ಬಿಟ್ಟುಹೋದ ಆಸ್ತಿ. “ಗಸ್, ಆಟದ ವಿಷಯಕ್ಕೆ ನಾನು ತಲೆ ಹಾಕೋಳಲ್ಲ, ನಿಮಗೇ ಗೊತ್ತು. ಆ ಹುಡುಗನ್ನ ಮೈದಾನಕ್ಕೆ ಯಾವಾಗ ಇಳಿಸ್ತೀರಾ?”

ಸಮಯ ಬಂದಾಗ ಅಂದೆ. ನನ್ನ ಕರಾರು ಈ ಸೀಸನ್‌ಗೆ ಮುಗಿಯುತ್ತದೆ. ಅದನ್ನು ಅವರು ಹೇಳಲಿಲ್ಲ. ಹೇಳದೆಯೇ ಕೇಳಿಸಿತು.

ಡಿಸೆಂಬರ್ 15, ಭಾನುವಾರ. ಸಂಜೆ

ಸೋತೆವು. ನಮ್ಮದೇ ಊರಲ್ಲಿ, ಲೂಯಿವಿಲ್ ಕೈಯಲ್ಲಿ.

ಮೂರನೆಯ ಕ್ವಾರ್ಟರ್‌ನಲ್ಲಿ ನಾನೇ ಹೇಳಿಕಳಿಸಿದೆ — ಎಡಕ್ಕೆ ಎಸಿ, ಟೆರೆಲ್‌ಗೆ. ಪರೀಕ್ಷೆ ಮಾಡಿದೆನಾ? ಗೊತ್ತಿಲ್ಲ. ಎಸೆದ. ಲೂಯಿವಿಲ್‌ನವನು ಅಲ್ಲೇ ಕಂಬದ ಹಾಗೆ ನಿಂತಿದ್ದ. ಅಡಗಿರಲಿಲ್ಲ, ಓಡಿಬರಲಿಲ್ಲ, ಸುಮ್ಮನೆ ನಿಂತಿದ್ದ. ಚೆಂಡು ಅವನ ಮಡಿಲಿಗೇ ಹೋಗಿ ಬಿತ್ತು.

ಡೀನ್ ಬೆಂಚಿಗೆ ಬಂದು ಹೆಲ್ಮೆಟ್ ತೆಗೆದ. “ಕೈ ಜಾರ್ತು ಕೋಚ್.”

ಕೈ ಜಾರಿದ ಚೆಂಡು ತೂರಾಡುತ್ತದೆ. ಇದು ಗೆರೆ ಎಳೆದ ಹಾಗೆ ಹೋಗಿತ್ತು. ನಮ್ಮವನು ಇಲ್ಲದ ಜಾಗಕ್ಕೆ ಹೋಗಿತ್ತು, ಅಷ್ಟೆ.

ಆಮೇಲೆ ಶುರುವಾಯಿತು. ಮೊದಲು ಮೇಲಿನ ಸಾಲುಗಳಲ್ಲಿ, ಆಮೇಲೆ ಇಡೀ ಸ್ಟೇಡಿಯಂ. ಪೆಟ್-ವೇ, ಪೆಟ್-ವೇ. ಡೀನ್ ಕೇಳಿಸದವನ ಹಾಗೆ ನೀರು ಕುಡಿದ. ಹುಡುಗ ತಲೆ ತಗ್ಗಿಸಿ ತನ್ನ ಷೂ ನೋಡುತ್ತ ಕೂತ. ನಾನು ಇಬ್ಬರ ಮಧ್ಯೆ.

ಮನೆಗೆ ಬಂದರೆ ಊಟ ಸೇರಲಿಲ್ಲ. ಹೆಂಡತಿ ಹೆಡ್ಡಿ ಸೂಪಿನ ಬಟ್ಟಲು ನನ್ನ ಕಡೆ ತಳ್ಳಿದಳು.

“ಸೋತಿದ್ದು ನೀನು, ಸೂಪ್ ಏನ್ ಮಾಡ್ತು? ಕುಡಿ.”

ಡಿಸೆಂಬರ್ 16, ಸೋಮವಾರ

ಲಾಟಿನಲ್ಲಿ ಡೀನ್‌ನ ಪಿಕಪ್ ನನ್ನ ಕಾರಿನ ಪಕ್ಕದಲ್ಲೇ ನಿಂತಿತ್ತು. ಎಡಗಡೆಯ ಮಿರರ್ ಒಡೆದು, ವೈರಿನಿಂದ ಜೋತಾಡುತ್ತಿದೆ. ಟೇಪ್ ಸುತ್ತಿದ್ದಾನೆ. ಆ ಬದಿಯ ಬಾಗಿಲಿನುದ್ದಕ್ಕೂ ಉದ್ದನೆಯ ಗೀರು.

ಲಾಕರ್ ರೂಮಿಗೆ ಹೋದೆ. ಒಬ್ಬನೇ ಕೂತು ಲೇಸ್ ಕಟ್ಟುತ್ತಿದ್ದ. ಎಡಗಡೆಯಿಂದ ಹೋಗಿ ಭುಜದ ಹತ್ತಿರ ನಿಂತೆ. ಮಾತಾಡಲಿಲ್ಲ. ತಲೆ ಎತ್ತಿದ, ನೇರ ಗೋಡೆ ನೋಡಿದ, ಆಕಳಿಸಿದ. ನಾನಿರುವುದು ಗೊತ್ತೇ ಆಗಲಿಲ್ಲ.

ಕೆಮ್ಮಿದೆ. ಬೆಚ್ಚಿಬಿದ್ದ.

“ಮಿರರ್ ಏನಾಯ್ತು?”

“ಗ್ಯಾರೇಜ್ ಬಾಗಿಲು. ಇಂಗ್ರಿಡ್ ಸರಿಯಾಗಿ ಎತ್ತಿರ್ಲಿಲ್ಲ.” ಹೆಂಡತಿಯ ಮೇಲೆ ದೂರು.

“ಕಣ್ಣು ಹೇಗಿದೆ ಡೀನ್?”

“ಎರಡೂ ಇವೆ ಕೋಚ್. ಬೆಳಿಗ್ಗೆ ಮುಟ್ಟಿ ನೋಡ್ಕೊಂಡೇ ಬಂದೆ.”

ನಕ್ಕ. ನಾನೂ ನಕ್ಕೆ. ನಗಬಾರದಿತ್ತು. ಆಫೀಸಿಗೆ ಬಂದು ಬಾಗಿಲು ಹಾಕಿಕೊಂಡು ಅಕ್ಟೋಬರ್‌ನಿಂದ ಆಡಿದ ಒಂದೊಂದೇ ಆಟ ನೋಡಿದೆ. ಒಮಾಹಾ ವಿರುದ್ಧದ ಆಟದಲ್ಲಿ ಅವನ ತಲೆಗೆ ಮೊಣಕಾಲು ತಗುಲಿತ್ತು. ಎರಡು ನಿಮಿಷ ಕೂತು ಎದ್ದಿದ್ದ. ಅದರ ಹಿಂದಿನ ವಾರದವರೆಗೆ ಚೆಂಡು ಎರಡೂ ಕಡೆ ಹೋಗುತ್ತಿತ್ತು. ಆಮೇಲೆ...

ಯಾರಿಗೆ ಹೇಳಲಿ? ತಂಡದ ಡಾಕ್ಟರಿಗೆ ಒಂದು ಮಾತು ಹಾಕಿದರೆ ಸಾಕು. ಹಾಕಿದ ಕ್ಷಣ ಅವನ ಆಟ ಮುಗಿಯಿತು. ಈ ವಯಸ್ಸಿಗೆ ಹೊರಗೆ ಹೋದವನನ್ನು ಮತ್ತೆ ಯಾರೂ ಕರೆಯುವುದಿಲ್ಲ. ನನ್ನ ಊಹೆ ತಪ್ಪಾಗಿದ್ದರೆ? ಎಡಗಡೆ ಎಸೆಯದೇ ಇರುವುದೇನು ಕಾಯಿಲೆಯೇ?

ತಪ್ಪಾಗಿಲ್ಲ ಅಂತ ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ.

ಡಿಸೆಂಬರ್ 18, ಬುಧವಾರ

ಪತ್ರಕರ್ತರ ಮುಂದೆ ಹೇಳಿಬಿಟ್ಟೆ. “ಭಾನುವಾರ ಡೀನ್ ಆಡ್ತಾನೆ. ಬೇರೆ ಪ್ರಶ್ನೆ ಇದ್ರೆ ಕೇಳಿ.” ಎಲ್ಲರೂ ಅದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಲ್ಲಿ ಕೇಳಿದರು.

ಯಾಕೆ ಹಾಗೆ ಹೇಳಿದೆ? ನನಗೇ ಕಾರಣ ಹೇಳಿಕೊಳ್ಳುತ್ತ ಬಂದೆ, ಕಾರಿನಲ್ಲಿ ಗಟ್ಟಿಯಾಗಿ. ಪ್ಲೇಆಫ್, ಅಂದರೆ ಕೊನೆಯ ನಾಕೌಟ್ ಸುತ್ತು, ಇನ್ನು ಕೂದಲೆಳೆ ದೂರ. ಭಾನುವಾರದ ಎದುರಾಳಿ ಮಿಲ್ವಾಕಿಯ ಆಟ ಡೀನ್‌ಗೆ ಬಾಯಿಪಾಠ. ಹುಡುಗನನ್ನು ಈಗ ಇಳಿಸಿ ಅವನು ಮುಗ್ಗರಿಸಿದರೆ ಮುಂದಿನ ಹತ್ತು ವರ್ಷ ಊರು ಅದನ್ನೇ ಹೇಳುತ್ತದೆ. ಎಲ್ಲ ಸರಿಯಾದ ಕಾರಣಗಳೇ. ಆದರೂ ಸಿಗ್ನಲ್‌ನಲ್ಲಿ ಹಸಿರು ಬಿದ್ದರೂ ಹೊರಡಲಿಲ್ಲ, ಹಿಂದಿನವನು ಹಾರ್ನ್ ಹೊಡೆದ.

ಪೆಟ್ವೇಯನ್ನು ಕರೆದು ಹೇಳಿದೆ. “ಸರಿ ಸರ್” ಅಂದ. ಮುಖದಲ್ಲಿ ನಿರಾಸೆ ಹುಡುಕಿದೆ. ಇರಲಿಲ್ಲ. ಹೆದರಿಕೆ ಇತ್ತು. ಆಡಬೇಕಾದವನು ಅವನಲ್ಲ ಅಂತ ತಿಳಿದ ಮೇಲೂ ಏಕೆ ಹೆದರಿಕೆ?

ಡಿಸೆಂಬರ್ 22, ಭಾನುವಾರ. ವಿಮಾನದಲ್ಲಿ

ಮಿಲ್ವಾಕಿಯಲ್ಲಿ ಗೆದ್ದೆವು. ಹಿಂದಿನ ಸೀಟುಗಳಲ್ಲಿ ಹಾಡು, ಗಲಾಟೆ. ಇನ್ನೆರಡು ಆಟದಲ್ಲಿ ಒಂದು ಗೆದ್ದರೆ ಪ್ಲೇಆಫ್.

ನಾನು ಮಾತ್ರ ಡೈರಿ ತೆಗೆದು ಕೂತಿದ್ದೇನೆ.

ನಾಲ್ಕನೆಯ ಕ್ವಾರ್ಟರ್. ಡೀನ್ ಚೆಂಡು ಹಿಡಿದು ಬಲಕ್ಕೆ ನೋಡುತ್ತ ನಿಂತಿದ್ದಾನೆ. ಎಡಗಡೆಯಿಂದ ಮಿಲ್ವಾಕಿಯವನೊಬ್ಬ ನಮ್ಮವರನ್ನು ತಪ್ಪಿಸಿಕೊಂಡು ಬಂದ. ಎತ್ತಿನಂಥ ಆಳು. ದೂರದಿಂದ ಓಡಿ ಬಂದ. ಯಾವ ಕ್ವಾರ್ಟರ್‌ಬ್ಯಾಕ್ ಆದರೂ ಕೊನೇ ಗಳಿಗೆಯಲ್ಲಿ ಮೈ ಮುದುಡುತ್ತಾನೆ. ನೆಲಕ್ಕೆ ಹೇಗೆ ಬೀಳಬೇಕು ಅಂತ ಮೈಗೇ ಗೊತ್ತಿರುತ್ತದೆ. ಡೀನ್ ಮುದುಡಲಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತವನ ಹಾಗೆ ನೆಟ್ಟಗೆ ನಿಂತಿದ್ದ.

ಆ ಸದ್ದು ಮೈದಾನದ ಗೆರೆಯಾಚೆ ನಿಂತ ನನಗೂ ಕೇಳಿಸಿತು.

ನನ್ನ ಹಿಂದೆ ಯಾರೋ “ಎಡಕ್ಕೆ! ಎಡಕ್ಕೆ!” ಅಂತ ಕಿರುಚಿದ್ದರು, ಹೊಡೆತ ಬೀಳುವ ಮೊದಲೇ. ತಿರುಗಿದೆ. ಪೆಟ್ವೇ. ಕೈಯಲ್ಲಿದ್ದ ನೀರಿನ ಬಾಟಲಿ ಹಿಂಡಿ ಮುದ್ದೆ ಮಾಡಿದ್ದ.

ಡೀನ್ ಎದ್ದ. ಇನ್ನೊಂದು ಎಸೆದ, ಬಲಕ್ಕೆ. ಗೆದ್ದೆವು. ಈಗ ಕಿಟಕಿಯ ಪಕ್ಕ ಕೂತು ನಿದ್ದೆ ಮಾಡುತ್ತಿದ್ದಾನೆ. ಎಲ್ಲರೂ ಬಂದು ನನ್ನ ಬೆನ್ನು ತಟ್ಟಿ ಹೋಗುತ್ತಿದ್ದಾರೆ. ಒಳ್ಳೆ ನಿರ್ಧಾರ ಕೋಚ್, ಒಳ್ಳೆ ನಿರ್ಧಾರ.

ಡಿಸೆಂಬರ್ 25. ಬೆಳಿಗ್ಗೆ

ನಿನ್ನೆಯದನ್ನು ಇದ್ದದ್ದು ಇದ್ದಹಾಗೆ ಬರೆದಿಡಬೇಕು.

ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟಕ್ಕೆ ಹಾಲ್ವರ್ಸನ್ ಮನೆಯವರು ಪ್ರತಿ ವರ್ಷ ನಮ್ಮಲ್ಲಿಗೇ ಬರುವುದು. ಡೀನ್, ಇಂಗ್ರಿಡ್, ಅವರ ಎಂಟು ವರ್ಷದ ಮಗಳು ಬ್ರಿಟಾ. ಹೆಡ್ಡಿ ಎರಡು ದಿನದಿಂದ ಒಲೆ ಬಿಟ್ಟು ಕದಲಿರಲಿಲ್ಲ. ಅಣಬೆ ಸೂಪು, ಉಪ್ಪು ಮೀನು, ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬು. ಮೇಜಿನ ಬಟ್ಟೆಯಡಿ ಗೋದಲಿಯ ನೆನಪಿಗೆ ಒಂದು ಹಿಡಿ ಒಣಹುಲ್ಲು, ನಮ್ಮಮ್ಮ ಇಡುತ್ತಿದ್ದ ಹಾಗೆ.

ಊಟಕ್ಕೆ ಮೊದಲು ಹಾಳೆಯಷ್ಟು ತೆಳುವಾದ ಬಿಳಿ ರೊಟ್ಟಿಯನ್ನು ಒಬ್ಬರಿಗೊಬ್ಬರು ಮುರಿದು ಕೊಟ್ಟು ಒಳ್ಳೆಯದಾಗಲಿ ಅಂತ ಹಾರೈಸಬೇಕು. ಹೆಡ್ಡಿ ತನ್ನದನ್ನು ಡೀನ್‌ನ ಕಡೆ ಚಾಚಿದಳು. ಅವನ ಎಡಗಡೆ ನಿಂತಿದ್ದಳು.

ಅವನು ನನ್ನ ಕಡೆ ನೋಡಿ ನಗುತ್ತಿದ್ದ. ಹೆಡ್ಡಿಯ ಕೈ ಗಾಳಿಯಲ್ಲೇ ಇತ್ತು.

ಆಗ ಬ್ರಿಟಾ ಎದ್ದು ಬಂದು, ಎರಡು ಬೆರಳಿಂದ ಅಪ್ಪನ ಗಲ್ಲ ಹಿಡಿದು ಎಡಕ್ಕೆ ತಿರುಗಿಸಿದಳು. ಕುರ್ಚಿ ಎಳೆದುಕೊಳ್ಳುವಷ್ಟು ಸಲೀಸಾಗಿ. ಎಷ್ಟೋ ಸಲ ಮಾಡಿದ ಕೆಲಸದ ಹಾಗೆ.

“ಈ ಕಡೆ ಅಪ್ಪಾ. ಹೆಡ್ಡಿ ಆಂಟಿ ಕೊಡ್ತಿದಾರೆ.”

ಇಂಗ್ರಿಡ್ ಗಂಡನನ್ನು ನೋಡಿದಳು, ಮಗಳನ್ನು ನೋಡಿದಳು. “ಯಾಕೆ ಪುಟ್ಟಾ ಹಾಗ್ ತಿರುಗಿಸ್ದೆ?”

“ಅದು ನಮ್ಮಿಬ್ಬರ ಆಟ ಅಮ್ಮಾ. ಸ್ಕೂಲಿಗೆ ಹೋಗ್ಬೇಕಾದ್ರೂ ಆಡ್ತೀವಿ. ಎಡಗಡೆ ಯಾರಾದ್ರೂ ಬಂದ್ರೆ ನಾನು ‘ಅಪ್ಪಾ’ ಅನ್ಬೇಕು.” ಆಮೇಲೆ, ಸ್ವಲ್ಪ ಸಣ್ಣ ದನಿಯಲ್ಲಿ: “ಸ್ಕೂಲ್ ಹತ್ರ ಮಕ್ಕಳನ್ನ ರಸ್ತೆ ದಾಟಿಸೋ ಅಜ್ಜಿ ಬಂದಾಗ ಮಾತ್ರ ಹೇಳೋದು ಲೇಟಾಯ್ತು. ಅಜ್ಜಿ ಹಿಂದಕ್ಕೆ ಹಾರಿ ಬಿದ್ಲು. ಕೈಲಿದ್ದ ‘ನಿಲ್ಲಿ’ ಬೋರ್ಡು ನಮ್ ಮಿರರ್‌ಗೆ ಬಡೀತು. ಆದ್ರೆ ಅಜ್ಜಿ ಎದ್ಲು, ಏನೂ ಆಗ್ಲಿಲ್ಲ.”

ಹೆಡ್ಡಿ ಹೋಗಿ ಉಕ್ಕುತ್ತಿದ್ದ ಸೂಪಿನ ಉರಿ ಆರಿಸಿದಳು.

“ಗ್ಯಾರೇಜ್ ಬಾಗಿಲು ಅಂದ್ರಲ್ಲ,” ಇಂಗ್ರಿಡ್ ಅಂದಳು. ಅಷ್ಟೇ ಅಂದಳು. ಕೈಯಲ್ಲಿದ್ದ ರೊಟ್ಟಿ ಪುಡಿಯಾಗಿತ್ತು.

ಡೀನ್ ಎದ್ದು ಹಿಂದಿನ ಮೆಟ್ಟಿಲಿಗೆ ಹೋದ. ಕೋಟೂ ಹಾಕಿಕೊಳ್ಳಲಿಲ್ಲ. ನಾನು ಹಿಂದೆಯೇ ಹೋದೆ.

“ಮೂಲೇಲಿ ಒಂದು ಪರದೆ ಇಳಿದ ಹಾಗೆ ಇದೆ ಗಸ್. ಅಷ್ಟೆ. ನೇರ ಎಲ್ಲ ಕಾಣತ್ತೆ.” ಕೋಚ್ ಅನ್ನಲಿಲ್ಲ. “ಇನ್ನೆರಡು ಆಟ. ಪ್ಲೇಆಫ್ ಸೇರಿದ್ರೆ ಮೂರು. ಆಮೇಲೆ ನಾನೇ ಡಾಕ್ಟರ್ ಹತ್ರ ಹೋಗ್ತೀನಿ. ನಿನ್ನ ಎದುರಿಗೇ ಹೋಗ್ತೀನಿ.”

“ಅಲ್ಲೀವರೆಗೆ ಕಣ್ಣು ಇರತ್ತಾ?”

“ನನ್ನ ಕಣ್ಣು. ನನ್ನ ಲೆಕ್ಕ.”

“ಆ ಅಜ್ಜಿ ಯಾರ ಲೆಕ್ಕ? ಬ್ರಿಟಾ ಯಾರ ಲೆಕ್ಕ?”

ಅಷ್ಟು ದೊಡ್ಡ ಆಳು ಚಳಿಗೆ ಗಡಗಡ ನಡುಗುತ್ತಿದ್ದ.

“ಹದಿನಾಲ್ಕು ವರ್ಷ ಈ ಊರಿಗೆ ಎಸೆದಿದೀನಿ ಗಸ್. ಒಂದ್ ಸಲ, ಒಂದೇ ಒಂದ್ ಸಲ ಪ್ಲೇಆಫ್ ಆಟಾನ ನಮ್ಮೂರಲ್ಲಿ ಗೆದ್ದು ಹೋಗ್ತೀನಿ. ನೀನು ಏನೂ ನೋಡ್ಲಿಲ್ಲ ಅನ್ಕೋ.”

ನಾನು ಒಳಗೆ ಬಂದೆ. ಇಂಗ್ರಿಡ್ ಕೋಟು ಹಾಕಿಕೊಂಡು ನಿಂತಿದ್ದಳು. ಪಿಕಪ್ಪಿನ ಕೀ ಅವಳ ಮುಷ್ಟಿಯಲ್ಲಿತ್ತು. ಊಟ ಮಾಡದೆ ಹೋದರು. ಅವಳೇ ಓಡಿಸಿದಳು.

ಹೆಡ್ಡಿ ಪಿಯೆರೋಗಿಯನ್ನೆಲ್ಲ ಡಬ್ಬಿಗೆ ತುಂಬುತ್ತ, ನನ್ನ ಕಡೆ ತಿರುಗದೆ ಕೇಳಿದಳು. “ನಿಂಗೆ ಯಾವಾಗಿಂದ ಗೊತ್ತು?”

“ಊಹೆ ಇತ್ತು.”

“ಊಹೆ ಇಟ್ಕೊಂಡು ಮಿಲ್ವಾಕಿಲಿ ಆಡಿಸ್ದೆ.”

ಪ್ರಶ್ನೆಯಲ್ಲ ಅದು.

ಡಿಸೆಂಬರ್ 26, ಗುರುವಾರ

ಹೇಳಿಬಿಟ್ಟೆ. ಬೆಳಿಗ್ಗೆ ಮೊದಲ ಕೆಲಸ ಅದೇ. ಡಾಕ್ಟರ್ ಫೆಲ್ಡ್‌ಕಾಂಪ್ ಕೋಟು ಬಿಚ್ಚುವ ಮೊದಲೇ. ಅವರು ಡೀನ್‌ನನ್ನು ಕತ್ತಲೆ ಕೋಣೆಗೆ ಕರೆದುಕೊಂಡು ಹೋದರು, ಹೊರಗೆ ಬಂದವರೇ ಆಸ್ಪತ್ರೆಗೆ ಫೋನ್ ಮಾಡಿದರು. ಎಡಗಣ್ಣಿನ ಹಿಂದಿನ ಪರದೆ ಹರಿದು ಕಿತ್ತು ಬರುತ್ತಿದೆಯಂತೆ. ಗೋಡೆ ಕಾಗದ ಕಿತ್ತುಬಂದ ಹಾಗೆ ಅಂದರು. ನಾಳೆಯೇ ಆಪರೇಷನ್. ಇನ್ನೊಂದು ಏಟು ಬಿದ್ದಿದ್ದರೆ ಪೂರ್ತಿ ಹೋಗುತ್ತಿತ್ತು.

ಇನ್ನೊಂದು ಏಟು. ಭಾನುವಾರ ಇತ್ತು ಆಟ.

ಡೀನ್ ಕಾರಿಡಾರಿನಲ್ಲಿ ನನ್ನ ಎದುರಿಗೇ ಹಾದುಹೋದ. ನಾನು ಬಲಗಡೆಯೇ ಇದ್ದೆ. ಕಂಡೆ ಅವನಿಗೆ.

ಪೆಟ್ವೇಯನ್ನು ಆಫೀಸಿಗೆ ಕರೆಸಿದೆ. “ಭಾನುವಾರ ನೀನು.”

ಕೂತ.

“ನಂಗೆ ಗೊತ್ತಿತ್ತು ಸರ್. ಒಮಾಹಾ ಆಟ ಆದಾಗಿಂದ.”

“ಮತ್ತೆ ಬಾಯಿ ಬಿಡ್ಲಿಲ್ಲ ಯಾಕೋ?”

“ಏನಂತ ಹೇಳ್ಲಿ ಸರ್? ಅವ್ರ ಜಾಗದಲ್ಲಿ ಆಡ್ಬೇಕಾದವನು ನಾನು. ನಾನ್ ಹೇಳಿದ್ರೆ ಯಾರ್ ನಂಬ್ತಾರೆ? ಜಾಗಕ್ಕೋಸ್ಕರ ಅಂದ್ಕೊಂತಾರೆ.” ಮೂಗು ಒರೆಸಿಕೊಂಡ. “ಅದಕ್ಕೇ ಎಡಗಡೆ ನಿಂತ್ಕೋತಿದ್ದೆ. ಅಭ್ಯಾಸದಲ್ಲಿ ಯಾರಾದ್ರೂ ಬಂದ್ರೆ ಮೊಣಕೈಯಲ್ಲಿ ತಿವಿಯೋಣ ಅಂತ. ಆಟದಲ್ಲಿ ಅಷ್ಟು ದೂರ ಕೈ ಹೋಗಲ್ವಲ್ಲ ಸರ್.”

ಹುಡುಗ ಹೇಳದೇ ಇರಲು ಒಂದು ಕಾರಣವಿತ್ತು. ನನಗೆ?

ಡಿಸೆಂಬರ್ 28, ಶನಿವಾರ

ಆಪರೇಷನ್ ಆಗಿದೆ. ಎಷ್ಟು ಉಳಿಯುತ್ತದೆ ಅಂತ ಈಗಲೇ ಹೇಳುವುದಿಲ್ಲವಂತೆ. ಕಣ್ಣೊಳಗೆ ಗಾಳಿ ತುಂಬಿದ್ದಾರೆ, ಅದು ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಯೇ ಇರಬೇಕು. ಊಟವೂ ಹಾಗೇ, ನಿದ್ದೆಯೂ ಹಾಗೇ.

ಆಸ್ಪತ್ರೆಗೆ ಹೋಗುವಾಗ ಪತ್ರಕರ್ತರಿಗೆ ಒಂದೇ ಮಾತು ಹೇಳಿದನಂತೆ: “ನಾನು ಆಡೋಕೆ ರೆಡಿ ಇದ್ದೆ. ಯಾಕೆ ಆಡ್ತಿಲ್ಲ ಅಂತ ಗಸ್‌ನ ಕೇಳಿ.”

ಕೇಳುತ್ತಿದ್ದಾರೆ. ಕಣ್ಣಿನ ಗಾಯ ಅಂತ ತಂಡ ಪ್ರಕಟಣೆ ಕೊಟ್ಟಿದೆ, ಯಾರೂ ನಂಬುತ್ತಿಲ್ಲ. ಹೋದ ವಾರ ಗೆಲ್ಲಿಸಿದವನಿಗೆ ಈ ವಾರ ಕಣ್ಣಿಲ್ಲವೇ? ಹುಡುಗನನ್ನು ಆಡಿಸಲು ಹೂಡಿದ ಆಟ, ಲಕಾತೋಶ್‌ಗೆ ಬೆಣ್ಣೆ ಹಚ್ಚುತ್ತಿದ್ದಾನೆ... ಬೇಕರಿಯ ಹುಡುಗಿ ಚಿಲ್ಲರೆಯನ್ನು ಕೈಗೆ ಕೊಡದೆ ಕೌಂಟರ್ ಮೇಲಿಟ್ಟಳು. ಪ್ರತಿ ಶನಿವಾರ ನಗುತ್ತಿದ್ದವಳು.

ಫೋನ್ ಮಾಡಿದೆ. ಇಂಗ್ರಿಡ್ ಎತ್ತಿದಳು. “ಮಾತಾಡಲ್ವಂತೆ ಗಸ್.” ಆಮೇಲೆ ತಾನೇ, “ನಾನು ಮಾತಾಡ್ತೀನಿ. ಥ್ಯಾಂಕ್ಸ್.”

ಡಿಸೆಂಬರ್ 29, ಭಾನುವಾರ

ಸೋತೆವು. ಹೀನಾಯವಾಗಿ. ಪೆಟ್ವೇ ಎಸೆದ ಮೊದಲ ಚೆಂಡೇ ಎದುರಾಳಿಯ ಕೈಗೆ. ಆಮೇಲೆ ಗಾಬರಿಗೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡು ವಾರದ ಹಿಂದೆ ಅವನ ಹೆಸರು ಕೂಗಿದ ಗಂಟಲುಗಳೇ ಈ ವಾರ ಡೀನ್, ಡೀನ್.

ಬರೆಯಲಾರೆ.

ಜನವರಿ 2, ಗುರುವಾರ

ಹೆಡ್ಡಿ ಎಲೆಕೋಸಿನಲ್ಲಿ ಸುತ್ತಿದ ಮಾಂಸದುಂಡೆಯ ಪಾತ್ರೆ ನನ್ನ ಕೈಗೆ ಕೊಟ್ಟು, “ಕೊಟ್ಟು ಬಾ. ಮಾತಾಡದಿದ್ರೆ ಬೇಡ, ಪಾತ್ರೆ ಇಟ್ಟು ಬಾ” ಅಂದಳು. ಹಾಲ್ವರ್ಸನ್ ಮನೆಯ ಮುಂದೆ ಕಾರು ನಿಲ್ಲಿಸಿ ಸುಮಾರು ಹೊತ್ತು ಕೂತಿದ್ದೆ. ಅಂಗಳದಲ್ಲಿ ಇನ್ನೊಂದು ಕಾರು. ಗುರುತು ಸಿಗಲಿಲ್ಲ.

ಇಂಗ್ರಿಡ್ ಒಳಗೆ ಕರೆದೊಯ್ದಳು. ಹಾಲ್‌ನ ಮಧ್ಯೆ ಮಸಾಜ್ ಮಾಡುವ ಮೇಜು. ಡೀನ್ ಅದರ ಮೇಲೆ ಬೋರಲು ಮಲಗಿದ್ದಾನೆ, ಮುಖ ತೂತಿನೊಳಗೆ. ಆ ತೂತಿನ ಕೆಳಗೆ, ಕಾರ್ಪೆಟ್ ಮೇಲೆ ಅಂಗಾತ, ಪೆಟ್ವೇ. ಎದೆಯ ಮೇಲೆ ಎದುರಾಳಿ ತಂಡದ ಆಟದ ಚಿತ್ರಗಳಿರುವ ಹಾಳೆಗಳು. ಒಂದೊಂದೇ ಎತ್ತಿ ಡೀನ್‌ನ ಮುಖಕ್ಕೆ ಹಿಡಿಯುತ್ತಿದ್ದಾನೆ.

“ಇವ್ನು ಹಿಂದಕ್ಕೆ ಹೋದ ಅಂದ್ರೆ ಏನರ್ಥ?”

“ಮಧ್ಯ ಖಾಲಿ ಸರ್.”

“ಥೂ. ಅದು ಅವ್ನು ಹಾಕಿರೋ ಬಲೆ ಕಣೋ. ಮಧ್ಯ ಖಾಲಿ ಅನ್ಸೋ ಹಾಗೆ ಮಾಡ್ತಾನೆ. ಇನ್ನೊಂದ್ಸಲ ನೋಡು. ಅವನ ಸೊಂಟ ನೋಡು, ಕಣ್ಣು ಸುಳ್ಳು ಹೇಳತ್ತೆ.”

ಪೆಟ್ವೇ ನನ್ನ ಷೂ ನೋಡಿದ. ಏಳಲು ಹೋದ.

“ಮಲಕ್ಕೋ,” ಡೀನ್ ಅಂದ. “ಯಾರದು?”

“ಕೋಚ್ ಸರ್.”

ಮೇಜಿನ ಮೇಲಿನ ಬೆನ್ನು ಅಲುಗಲಿಲ್ಲ.

“ನಿಮ್ಮ ಕೋಚ್‌ಗೆ ಹೇಳು, ಭಾನುವಾರ ಮೊದಲ ಚೆಂಡು ಎಸೆಯೋಕೆ ಬಿಡೋದು ಬೇಡ. ಮೊದಲ ನಾಲ್ಕೈದು ಸಲ ಬರೀ ಚೆಂಡು ಹಿಡ್ಕೊಂಡು ಓಡೋ ಆಟ ಆಡಿಸ್ಲಿ. ನಿನ್ನ ಎದೆಬಡಿತ ಇಳಿಯೋವರ್ಗೆ.”

ಪೆಟ್ವೇ ನೆಲದಿಂದಲೇ ನನ್ನ ಕಡೆ ನೋಡಿ, “ಸರ್, ಮೊದಲ ನಾಲ್ಕೈದು—”

“ಕೇಳಿಸ್ತು,” ಅಂದೆ. “ಅವ್ನಿಗೆ ಹೇಳು, ನಾನೂ ಹಾಗೇ ಅಂದ್ಕೊಂಡಿದ್ದೆ.”

“ಸರ್, ಕೋಚ್ ಕೂಡ—”

“ಅಂದ್ಕೊಂಡಿದ್ರೆ ಹೋದ್ ವಾರ ಯಾಕ್ ಮಾಡ್ಲಿಲ್ಲ ಅಂತ ಕೇಳು.”

ಬ್ರಿಟಾ ಸೋಫಾದ ಮೇಲಿಂದ ಕಿಸಕ್ಕನೆ ನಕ್ಕಳು. “ಇದೂ ಒಂದು ಆಟಾನಾ ಅಪ್ಪಾ?”

ಪಾತ್ರೆಯನ್ನು ಅಡುಗೆಮನೆಯಲ್ಲಿಟ್ಟು ಬಂದೆ. ಬಾಗಿಲ ಹತ್ತಿರ ಇಂಗ್ರಿಡ್ ಪಿಸುಗುಟ್ಟಿದಳು. “ಸೋತ ಮರುದಿನಾನೇ ಹುಡುಗ ಬಂದು ಬಾಗಿಲು ತಟ್ಟಿದ. ಇವ್ರು ಒಳಗೆ ಬಿಡ್ಬೇಡ ಅಂದ್ರು. ಅವ್ನು ಹೋಗ್ಲೇ ಇಲ್ಲ. ಹಿಮದಲ್ಲಿ ನಿಂತೇ ಇದ್ದ. ಕೊನೆಗೆ ಇವ್ರೇ, ಆ ಪೆದ್ದನ್ನ ಒಳಗ್ ಕರಿ, ಕೈ ಸೆಟೆದು ಹೋದ್ರೆ ಎಸೆಯೋದ್ ಯಾರು ಅಂದ್ರು.”

ಕಾರಿಗೆ ಬಂದು ಕೂತ ಮೇಲೆ ಕಣ್ಣಲ್ಲಿ ನೀರು. ಯಾರಿಗಾಗಿ ಅಂತ ಕೇಳಿದರೆ ಹೇಳಲಾರೆ.

ಜನವರಿ 4, ಶನಿವಾರ

ಮಿಸೆಸ್ ಲಕಾತೋಶ್: “ಮಂಗಳವಾರ ಬೆಳಿಗ್ಗೆ ನನ್ನ ಆಫೀಸಿಗೆ ಬನ್ನಿ ಗಸ್. ನಾಳೆ ಏನೇ ಆಗ್ಲಿ.”

ಏನೇ ಆಗಲಿ ಅಂದರೆ ಏನರ್ಥ? ಹೆಡ್ಡಿಯನ್ನು ಕೇಳಿದೆ. “ಏನೇ ಆಗ್ಲಿ ಅಂತ ಅರ್ಥ. ದೀಪ ಆರ್ಸು.”

ಜನವರಿ 6, ಸೋಮವಾರ

ಸೀಸನ್ ಮುಗಿಯಿತು.

ನಿನ್ನೆ ಮತ್ತೆ ಒಮಾಹಾ ಎದುರು. ಮೊದಲು ಓಡುವ ಆಟ ಆಡಿಸಿದೆ. ಹುಡುಗನ ಕಾಲು ನೆಲಕ್ಕೆ ಬಂತು. ಎರಡನೆಯ ಅರ್ಧದಲ್ಲಿ ಅವನು ಎಸೆದದ್ದನ್ನು ಏನಂತ ಬರೆಯಲಿ... ಬಲಕ್ಕೆ, ಎಡಕ್ಕೆ, ನಟ್ಟನಡುವೆ. ಒಮಾಹಾದವರು ಮಧ್ಯದಲ್ಲಿ ಬಲೆ ಬೀಸಿದರು, ಇವನು ಸೊಂಟ ನೋಡಿ ನಕ್ಕ. ನಿಜವಾಗಿ ನಕ್ಕ, ಹೆಲ್ಮೆಟ್ಟಿನೊಳಗೆ ಹಲ್ಲು ಕಂಡಿತು. ಕೊನೆಯ ಗಳಿಗೆಯಲ್ಲಿ ಚೆಂಡನ್ನು ಗೋಲಿನ ಹತ್ತಿರದವರೆಗೂ ತಂದು ನಿಲ್ಲಿಸಿದ. ಒಂದು ಒದೆತ ಸಾಕಿತ್ತು. ನಮ್ಮ ಒದೆಯುವವನು ಒದ್ದ ಚೆಂಡು ಕಂಬಕ್ಕೆ ಬಡಿದು ಹೊರಗೆ ಬಿತ್ತು.

ಅಷ್ಟೆ. ಪ್ಲೇಆಫ್ ಇಲ್ಲ.

ಜನ ಎದ್ದು ನಿಂತು ಪೆಟ್ವೇಗೆ ಚಪ್ಪಾಳೆ ತಟ್ಟಿದರು. ನಾನು ಸುರಂಗದೊಳಗೆ ಹೋಗುವಾಗ ಮೇಲಿಂದ ಒಬ್ಬ ಕೂಗಿದ: “ಡೀನ್ ಇದ್ದಿದ್ರೆ ಗೆಲ್ತಿದ್ವಿ ಕಣೋ ಗಸ್!”

ಇರಬಹುದು. ಅದನ್ನು ಇನ್ನು ಸಾಯುವವರೆಗೂ ಕೇಳಬೇಕು. ಡೀನ್ ಇದ್ದಿದ್ದರೆ ಗೆಲ್ಲುತ್ತಿದ್ದೆವೋ ಏನೋ. ನನಗೆ ಕಾಣುವುದು ಮಾತ್ರ ಆ ಎತ್ತಿನಂಥ ಆಳು ಎಡಗಡೆಯಿಂದ ಓಡಿ ಬರುವುದು, ಇವನು ನೆಟ್ಟಗೆ ನಿಂತಿರುವುದು.

ಲಾಕರ್ ರೂಮಿನಲ್ಲಿ ಪೆಟ್ವೇ ಫೋನ್ ಕಿವಿಗಿಟ್ಟುಕೊಂಡು ಅಳುತ್ತಿದ್ದ. ಆ ಕಡೆಯಿಂದ ಡೀನ್‌ನ ದನಿ, ಬೈಯುತ್ತಿದ್ದ ಹಾಗಿತ್ತು. ರೇಡಿಯೋದಲ್ಲಿ ಪೂರ್ತಿ ಕೇಳಿದ್ದನಂತೆ, ಮುಖ ಕೆಳಗೆ ಮಾಡಿಕೊಂಡೇ.

ನನಗೆ ಫೋನ್ ಬರಲಿಲ್ಲ.

ಜನವರಿ 7, ಮಂಗಳವಾರ. ಬೆಳಿಗ್ಗೆ

ಲಾಟ್ ಖಾಲಿ. ಹಿಮ ಸಣ್ಣಗೆ ಬೀಳುತ್ತಿದೆ. ಮಿಸೆಸ್ ಲಕಾತೋಶ್‌ರ ಕಾರು ಆಗಲೇ ಬಂದಿದೆ. ಮೇಲಿನ ಕಿಟಕಿಯಲ್ಲಿ ದೀಪ. ಟೈ ಎರಡು ಸಲ ಬಿಚ್ಚಿ ಕಟ್ಟಿದೆ. ನಾನು ಹೊರಡುವಾಗ ಹೆಡ್ಡಿ ಕಾಲರ್ ಸರಿ ಮಾಡಿದಳು.

ಡಾಕ್ಟರ್ ಫೆಲ್ಡ್‌ಕಾಂಪ್ ಫೋನ್ ಮಾಡಿದ್ದರು. ಪರದೆ ಅಂಟಿಕೊಂಡಿದೆ. ನಡುವಿನ ದೃಷ್ಟಿ ಉಳಿಯುತ್ತದೆ, ಅಂಚಿನದು ಹೇಳಲಾಗದು. ಮಗಳ ಮುಖ ಕಾಣುತ್ತದೆ, ಪುಸ್ತಕ ಓದಬಹುದು. ಚೆಂಡು ಇಲ್ಲ. ಇನ್ನೆಂದಿಗೂ ಇಲ್ಲ.

ಒಂದು ಪಿಕಪ್ ಬಂತು. ಇಂಗ್ರಿಡ್ ಓಡಿಸುತ್ತಿದ್ದಾಳೆ. ಹೊಸ ಮಿರರ್ ಹಾಕಿಸಿದ್ದಾರೆ. ಲಾಕರ್ ಖಾಲಿ ಮಾಡಲು ಬಂದಿರಬೇಕು.

ಡೀನ್ ಇಳಿದ. ತಲೆ ಇನ್ನೂ ಕೆಳಗೇ, ನೆಲ ನೋಡುತ್ತ ನಡೆಯುತ್ತಿದ್ದಾನೆ, ಪಾರ್ಕಿಂಗಿನ ಹಳದಿ ಗೆರೆ ಹಿಡಿದುಕೊಂಡು. ಇಂಗ್ರಿಡ್ ಕೈ ಕೊಡಲು ಹೋದಳು, ಬೇಡ ಅಂದ. ಕಟ್ಟಡದ ಬಾಗಿಲು ಆ ಕಡೆ. ಇವನು ಆ ಕಡೆ ಹೋಗುತ್ತಿಲ್ಲ.

ನನ್ನ ಕಾರಿನ ಕಡೆಗೇ.

ಎರಡು ವಾರ ಆಯಿತು ನೇರ ಮಾತಾಡಿ. ಬೈಯಲಿ. ಊರೆಲ್ಲ ಬೈದದ್ದನ್ನು ಸೇರಿಸಿ ಒಟ್ಟಿಗೇ ಬೈಯಲಿ. ನನಗೇ ಬೈಯಲಿ, ನನ್ನ ಮುಖಕ್ಕೇ—

ಬಂದ. ಪಕ್ಕದಲ್ಲೇ ನಿಂತಿದ್ದಾನೆ, ಅವನ ಟೋಪಿಯ ಮೇಲೆ ಹಿಮ. ಗಾಜು ತಟ್ಟುತ್ತಿ—